ವಿದೇಶಕ್ಕೆ ಹೊರಟ ಪಾರ್ಸೆಲ್ ದಾರಿಯಲ್ಲಿ ನಿಂತರೆ: ಸಮಗ್ರ ಮಾರ್ಗದರ್ಶಿ

2025ರ ಆಗಸ್ಟ್ 25ರಿಂದ ಭಾರತೀಯ ಅಂಚೆ ಇಲಾಖೆ ಅಮೆರಿಕಕ್ಕೆ ಹೋಗುವ ಪಾರ್ಸೆಲ್‌ಗಳ ಬುಕಿಂಗ್ ನಿಲ್ಲಿಸಿತು. ಮೊದಲು ಕಾಗದಪತ್ರ ಮತ್ತು 100 ಡಾಲರ್ ಒಳಗಿನ ಉಡುಗೊರೆಗೆ ವಿನಾಯಿತಿ ಇತ್ತು. ಆಗಸ್ಟ್ 31ಕ್ಕೆ ಅದೂ ಹೋಯಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಗಣೇಶನ ಹಬ್ಬಕ್ಕೆ ಎರಡು ದಿನ ಇರುವಾಗ ಮುಚ್ಚಿದ ಬಾಗಿಲು ದೀಪಾವಳಿ ಹೊಸ್ತಿಲಿಗೆ ಬಂದಾಗ ತೆರೆಯಿತು. ಮಕ್ಕಳಿಗೆ ಚಕ್ಲಿ, ಕೋಡುಬಳೆ ಕಳಿಸುವವರಿಗೂ, ಚನ್ನಪಟ್ಟಣದ ಆಟಿಕೆ ಮಾರುವವರಿಗೂ ಇದಕ್ಕಿಂತ ಕೆಟ್ಟ ಹೊತ್ತು ಸಿಗುತ್ತಿರಲಿಲ್ಲ.

ಇಂಥದ್ದು ಅದೊಂದೇ ಸಲ ಆದದ್ದಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಗೆ ಯೂರೋಪಿನ ವಿಮಾನಗಳು ನಿಂತವು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂತು. 2023ರ ಜನವರಿಯಲ್ಲಿ ಬ್ರಿಟನ್ನಿನ ರಾಯಲ್ ಮೇಲ್ ಮೇಲೆ ಸೈಬರ್ ದಾಳಿಯಾಗಿ ಅಲ್ಲಿಂದ ಹೊರದೇಶಕ್ಕೆ ಏನೂ ಹೋಗದಂತಾಯಿತು. ಕೆನಡಾ ಅಂಚೆ ನೌಕರರು 2024ರ ನವೆಂಬರ್ 15ರಿಂದ ಒಂದು ತಿಂಗಳು ಮುಷ್ಕರ ಮಾಡಿದರು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಮಾಡಿದರು. ಪಾಕಿಸ್ತಾನದಿಂದ ಬರುವ ಅಂಚೆ, ಪಾರ್ಸೆಲ್‌ಗಳನ್ನು ಭಾರತ 2025ರ ಮೇನಲ್ಲಿ ಪೂರ್ತಿ ನಿಲ್ಲಿಸಿತು.

ಹೊರಗಿನಿಂದ ನೋಡಿದರೆ ಎಲ್ಲವೂ "ಪಾರ್ಸೆಲ್ ಬಂದಿಲ್ಲ" ಎಂಬ ಒಂದೇ ದೂರು. ಆದರೆ ಕೌಂಟರಿನಲ್ಲಿ ನಿಂತದ್ದಕ್ಕೆ ಮಾಡುವ ಕೆಲಸ ಬೇರೆ, ವಿಮಾನ ಸಿಗದೆ ನಿಂತದ್ದಕ್ಕೆ ಬೇರೆ, ಆ ದೇಶದ ಕಸ್ಟಮ್ಸ್‌ನಲ್ಲಿ ನಿಂತದ್ದಕ್ಕೆ ಬೇರೆಯೇ. ಎಲ್ಲಿ ನಿಂತಿದೆ ಎಂದು ತಿಳಿಯದೆ ಗಾಬರಿಯಲ್ಲಿ ಎರಡನೇ ಪಾರ್ಸೆಲ್ ಕಳಿಸಿದವರ ಎರಡೂ ಪೆಟ್ಟಿಗೆ ಒಂದೇ ರಾಶಿಯಲ್ಲಿ ಕೂರುತ್ತವೆ.

ಮೊದಲ ಹೆಜ್ಜೆ: ನಂಬರ್ ಸರಿಯಿದೆಯೇ?

ಅಂತರರಾಷ್ಟ್ರೀಯ ಅಂಚೆಯ ಟ್ರ್ಯಾಕಿಂಗ್ ನಂಬರಿನಲ್ಲಿ 13 ಅಕ್ಷರ-ಅಂಕಿಗಳಿರುತ್ತವೆ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಭಾರತದಿಂದ ಹೋದದ್ದಕ್ಕೆ ಕೊನೆಯಲ್ಲಿ "ಐಎನ್", ಅಮೆರಿಕದಿಂದ ಬಂದದ್ದಕ್ಕೆ "ಯುಎಸ್". ಮೊದಲ ಅಕ್ಷರ "ಇ" ಆದರೆ ಇಎಂಎಸ್, ಅಂದರೆ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್. "ಸಿ" ಆದರೆ ಪಾರ್ಸೆಲ್, "ಆರ್" ಆದರೆ ರಿಜಿಸ್ಟರ್ಡ್, "ಎಲ್" ಆದರೆ ಟ್ರ್ಯಾಕ್ಡ್ ಪ್ಯಾಕೆಟ್.

ಒಂಬತ್ತನೇ ಅಂಕಿ ತಾಳೆ ನೋಡುವುದಕ್ಕೆ ಇಟ್ಟದ್ದು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ನಂಬರಿಗೆ "ಮಾಹಿತಿ ಇಲ್ಲ" ಎಂದು ಬಂದರೆ ಮೊದಲು ಈ ಲೆಕ್ಕ ಮಾಡಿ ನೋಡಿ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ, ಕೂಡಿ, 11ರಿಂದ ಭಾಗಿಸಿ. ಉಳಿದ ಶೇಷವನ್ನು 11ರಿಂದ ಕಳೆದರೆ ಒಂಬತ್ತನೇ ಅಂಕಿ ಬರಬೇಕು. ಉದಾಹರಣೆಗೆ 12345678: 8+12+12+8+15+30+63+56 ಕೂಡಿದರೆ 204. ಅದನ್ನು 11ರಿಂದ ಭಾಗಿಸಿದರೆ ಶೇಷ 6; 11ರಲ್ಲಿ 6 ಕಳೆದರೆ 5. ಹಾಗಾಗಿ ಸರಿಯಾದ ನಂಬರ್ 123456785. ಉತ್ತರ 10 ಬಂದರೆ 0 ಎಂದೂ, 11 ಬಂದರೆ 5 ಎಂದೂ ಹಿಡಿಯಬೇಕು. ತಾಳೆಯಾಗದಿದ್ದರೆ ಎಲ್ಲೋ ಅಂಕಿ ತಪ್ಪಿದೆ, ಪಾರ್ಸೆಲ್ ಕಳೆದಿಲ್ಲ.

ಕೌಂಟರಿನಲ್ಲಿ ಕೊಡುವ ರಸೀದಿ ಥರ್ಮಲ್ ಕಾಗದದ್ದು, ಕೆಲವು ತಿಂಗಳಲ್ಲಿ ಬೆಳ್ಳಗಾಗುತ್ತದೆ. ಅಲ್ಲೇ ನಿಂತು ಫೋಟೊ ತೆಗೆದುಕೊಳ್ಳಿ. ಮುಂದೆ ಪರಿಹಾರ ಕೇಳುವಾಗ ಆ ಚೂರು ಕಾಗದವೇ ಆಧಾರ.

ಎರಡನೇ ಹೆಜ್ಜೆ: ಎಲ್ಲಿ ನಿಂತಿದೆ?

ಟ್ರ್ಯಾಕಿಂಗ್ ಪುಟದ ಕೊನೆಯ ಸಾಲನ್ನು ಓದಿ. ನಮ್ಮ ಕಡೆಯ "ಆಫೀಸ್ ಆಫ್ ಎಕ್ಸ್‌ಚೇಂಜ್" ಎಂದರೆ ದೇಶದಿಂದ ಹೊರಹೋಗುವ ಚೀಲಗಳನ್ನು ಕಟ್ಟುವ ಕಚೇರಿ. ಅಲ್ಲಿಗೆ ತಲುಪಿಲ್ಲ ಎಂದಿದ್ದರೆ ಪಾರ್ಸೆಲ್ ಇನ್ನೂ ದೇಶದೊಳಗಿದೆ. ತಲುಪಿದೆ, ಆದರೆ ಹೊರಟಿಲ್ಲ ಎಂದಿದ್ದರೆ ನಮ್ಮ ಕಸ್ಟಮ್ಸ್ ತಡೆದಿರಬಹುದು, ಇಲ್ಲವೇ ವಿಮಾನ ಸಿಕ್ಕಿಲ್ಲ. 2025ರ ಆಗಸ್ಟ್‌ನಲ್ಲಿ ಆದದ್ದು ಈ ಎರಡನೆಯದು. 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ತೆಗೆಯಿತು. ಸುಂಕವನ್ನು ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬ ವ್ಯವಸ್ಥೆ ತಯಾರಿರಲಿಲ್ಲವಾಗಿ ವಿಮಾನಯಾನ ಸಂಸ್ಥೆಗಳು ಅಂಚೆ ಚೀಲಗಳನ್ನೇ ಒಯ್ಯಲು ಒಪ್ಪಲಿಲ್ಲ. ಭಾರತ ಒಂದೇ ಅಲ್ಲ, 88 ಅಂಚೆ ಸಂಸ್ಥೆಗಳು ಅಮೆರಿಕದ ಸೇವೆಯನ್ನು ಪೂರ್ತಿಯೋ ಭಾಗಶಃವೋ ನಿಲ್ಲಿಸಿದವು. ಆಗಸ್ಟ್ 29ರ ಅಂಚೆ ದಟ್ಟಣೆ ಹಿಂದಿನ ವಾರಕ್ಕಿಂತ ಶೇ. 81ರಷ್ಟು ಬಿತ್ತು ಎಂದು ಬರ್ನ್‌ನ ವಿಶ್ವ ಅಂಚೆ ಒಕ್ಕೂಟ ಹೇಳಿತು.

"ಹೊರಟಿದೆ" ಎಂಬ ಸಾಲಿಗೂ ಆ ದೇಶದ ಎಕ್ಸ್‌ಚೇಂಜ್ ಕಚೇರಿಗೆ "ತಲುಪಿದೆ" ಎಂಬ ಸಾಲಿಗೂ ನಡುವಿನ ಮೌನವೇ ಜನರನ್ನು ಹೆಚ್ಚು ಕಾಡುವುದು. ಪಾರ್ಸೆಲ್ ಆಗ ಸೀಲು ಹಾಕಿದ ಚೀಲದೊಳಗಿರುತ್ತದೆ. ಸ್ಕ್ಯಾನ್ ಆಗುವುದು ಚೀಲದ ಬಾರ್‌ಕೋಡ್, ಒಳಗಿನ ಪೆಟ್ಟಿಗೆಯದ್ದಲ್ಲ. ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಾಗುವಾಗ ಚೀಲ ಹತ್ತು ದಿನ ಕೂತರೂ ನಿಮ್ಮ ಪುಟದಲ್ಲಿ ಒಂದಕ್ಷರ ಕದಲುವುದಿಲ್ಲ. ಈ ಹಂತದಲ್ಲಿ ದಿನಕ್ಕೆರಡು ಸಲ ಸಹಾಯವಾಣಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅವರ ಪರದೆಯಲ್ಲೂ ಅಷ್ಟೇ ಕಾಣುವುದು. ಬದಲಿಗೆ ಗಮ್ಯ ದೇಶದ ಅಂಚೆಯ ಜಾಲತಾಣದಲ್ಲಿ ಅದೇ ನಂಬರ್ ಹಾಕಿ ನೋಡಿ. ಅಮೆರಿಕವಾದರೆ ಯುಎಸ್‌ಪಿಎಸ್. ಅಲ್ಲಿನ ಸ್ಕ್ಯಾನ್ ನಮ್ಮ ಪುಟಕ್ಕೆ ಬರುವ ಮೊದಲೇ ಅಲ್ಲಿ ಕಾಣುವುದುಂಟು.

ಆ ಕಡೆ ತಲುಪಿ "ಹೆಲ್ಡ್ ಬೈ ಕಸ್ಟಮ್ಸ್" ಎಂದಿದ್ದರೆ ಕೆಲಸ ಪಡೆಯುವವರದ್ದು. ಅವರ ವಿಳಾಸಕ್ಕೆ ಪತ್ರವೋ ಇಮೇಲೋ ಹೋಗಿರಬಹುದು. ವಸ್ತುವಿನ ಬಿಲ್ಲು, ಒಳಗೇನಿದೆ ಎಂದು ನೀವು ಕಸ್ಟಮ್ಸ್‌ಗಾಗಿ ತುಂಬಿದ ಘೋಷಣೆ ನಮೂನೆಯ ಫೋಟೊ, ಔಷಧಿಯಾದರೆ ವೈದ್ಯರ ಚೀಟಿ, ಇವನ್ನು ಕೇಳುವ ಮೊದಲೇ ಅವರಿಗೆ ಕಳಿಸಿಡಿ.

ಮೂರನೇ ಹೆಜ್ಜೆ: ಕಾಯುವುದೋ, ವಾಪಸ್ ತರಿಸುವುದೋ?

ದೇಶ ಬಿಡದ ಪಾರ್ಸೆಲನ್ನು ಹಿಂದಕ್ಕೆ ಪಡೆಯಬಹುದು. ಬುಕ್ ಮಾಡಿದ ಅಂಚೆ ಕಚೇರಿಗೇ ರಸೀದಿ ಮತ್ತು ಗುರುತಿನ ಚೀಟಿ ಹಿಡಿದುಕೊಂಡು ಹೋಗಿ ಲಿಖಿತ ಅರ್ಜಿ ಕೊಡಿ. ಹೊರಟ ಮೇಲೆ ವಾಪಸ್ ಪಡೆಯಲು ಅಥವಾ ವಿಳಾಸ ತಿದ್ದಲು ಸಿಎನ್ 17 ಎಂಬ ನಮೂನೆ ಇದೆ. ಆದರೆ ಅದು ಮುಟ್ಟುವ ಮೊದಲೇ ಬಟವಾಡೆ ಆಗಿಬಿಟ್ಟರೆ ಮಾಡುವಂಥದ್ದೇನೂ ಇಲ್ಲ. ಇಲಾಖೆಯೇ ಸೇವೆ ನಿಲ್ಲಿಸಿ ಪಾರ್ಸೆಲ್ ಹೋಗದೆ ಉಳಿದಿದ್ದರೆ ಅಂಚೆ ವೆಚ್ಚ ಮರಳಿ ಕೇಳುವ ಹಕ್ಕು ನಿಮ್ಮದು. 2025ರಲ್ಲಿ ಇಲಾಖೆ ಇದನ್ನು ಪ್ರಕಟಣೆಯಲ್ಲೇ ಹೇಳಿತ್ತು.

ಒಳಗಿರುವುದು ಪುಸ್ತಕ, ಸೀರೆ, ಹಿತ್ತಾಳೆ ದೀಪವಾದರೆ ಕಾಯಿರಿ. ತಿಂಡಿಯಾದರೆ ಎರಡು ವಾರ ಮೀರುವ ಮುಂಚೆ ವಾಪಸ್ ತರಿಸಿ. ಎಣ್ಣೆ ಕಮಟು ಬಂದ ನಿಪ್ಪಟ್ಟನ್ನು ಸಿಯಾಟಲ್‌ವರೆಗೆ ಕಳಿಸಿ ಯಾರಿಗೆ ಲಾಭ? ಔಷಧಿಯಾದರೆ ಪಾರ್ಸೆಲ್ ನೆಚ್ಚಿಕೊಂಡು ಕೂರಲೇಬೇಡಿ. ಪಡೆಯುವವರು ಅಲ್ಲಿನ ವೈದ್ಯರಿಂದ ಚೀಟಿ ಬರೆಸಿಕೊಳ್ಳಲಿ. ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳಿಗೆ ಯುಎಇಯಲ್ಲಿ ಕಟ್ಟುನಿಟ್ಟಿನ ನಿಯಂತ್ರಣವಿದೆ. ಅವನ್ನು ಅಂಚೆಗೆ ಹಾಕುವ ಯೋಚನೆಯೇ ಬೇಡ.

ಖಾಸಗಿ ಕೊರಿಯರ್ ಬೇರೆ ದಾರಿ. ಅವರದ್ದೇ ವಿಮಾನ, ಅವರದ್ದೇ ಕಸ್ಟಮ್ಸ್ ದಲ್ಲಾಳಿ. ಅಂಚೆ ನಿಂತಾಗಲೂ ಅವರು ನಡೆಯುವುದು ಇದರಿಂದ. ಆದರೆ ದರ ಹೇಳುವಾಗ ಎರಡು ವಿಷಯ ಕೇಳಿಕೊಳ್ಳಿ. ಮೊದಲನೆಯದು ಗಾತ್ರದ ತೂಕ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. 40×30×30ರ ಪೆಟ್ಟಿಗೆಯಲ್ಲಿ 3 ಕೆಜಿ ಅವಲಕ್ಕಿ ಚೂಡಾ ಇದ್ದರೂ ಬಿಲ್ಲು 7.2 ಕೆಜಿಗೆ. ಎರಡನೆಯದು, ಸುಂಕ ಯಾರು ಕಟ್ಟಬೇಕು, ಅದರ ಮೇಲೆ ದಲ್ಲಾಳಿ ಶುಲ್ಕ ಎಷ್ಟು. ಇದನ್ನು ಕೇಳದೆ ಕಳಿಸಿದರೆ 2,000 ರೂಪಾಯಿಯ ತಿಂಡಿ ಬಿಡಿಸಿಕೊಳ್ಳಲು ಮಗಳು ಅದಕ್ಕಿಂತ ಹೆಚ್ಚು ತೆರಬೇಕಾದೀತು.

ನಾಲ್ಕನೇ ಹೆಜ್ಜೆ: ಘೋಷಣೆ ನಮೂನೆ

ಹೆಚ್ಚಿನ ಪಾರ್ಸೆಲ್‌ಗಳು ಮುಗ್ಗರಿಸುವುದು ಇಲ್ಲೇ. ಸಣ್ಣ ಪ್ಯಾಕೆಟ್ಟಿಗೆ ಸಿಎನ್ 22, ಪಾರ್ಸೆಲ್ಲಿಗೆ ಮತ್ತು ಹೆಚ್ಚು ಬೆಲೆಯದ್ದಕ್ಕೆ ಸಿಎನ್ 23. ನೀವು ಬರೆದದ್ದು ಕಾಗದದ ಮೇಲಷ್ಟೇ ಉಳಿಯುವುದಿಲ್ಲ. ವಿಮಾನ ಏರುವ ಮೊದಲೇ ವಿದ್ಯುನ್ಮಾನ ದತ್ತಾಂಶವಾಗಿ ಆ ದೇಶಕ್ಕೆ ಹೋಗುತ್ತದೆ. ಅಮೆರಿಕ, ಯೂರೋಪ್ ಎರಡೂ ಕಡೆ ಈ ಮುಂಗಡ ಮಾಹಿತಿ ಇಲ್ಲದ ಪಾರ್ಸೆಲ್ ವಾಪಸ್.

"ಗಿಫ್ಟ್", "ಸ್ವೀಟ್ಸ್", "ಬಟ್ಟೆ" ಎಂದು ಬರೆದರೆ ಸಾಲದು. ಹೀಗೆ ಬರೆಯಿರಿ: "ಹೆಂಗಸರ ಹತ್ತಿ ಸೀರೆ, ಹೊಸದು, 1, 600 ಗ್ರಾಂ, 2,500 ರೂ." ಅದರ ಕೆಳಗೆ: "ಅಕ್ಕಿ ಹಿಟ್ಟಿನ ಕರಿದ ತಿಂಡಿ, ಮನೆಯಲ್ಲಿ ಮಾಡಿದ್ದು, 2 ಪೊಟ್ಟಣ, 1 ಕೆಜಿ, 500 ರೂ." ನಮೂನೆಯ ಮೇಲೆ ಇದು ಇಂಗ್ಲಿಷಿನಲ್ಲಿರಬೇಕು. ಪ್ರತಿ ವಸ್ತುವಿಗೂ ಬೇರೆ ಸಾಲು. ವಸ್ತುಗಳ ತೂಕ ಕೂಡಿದರೆ ಒಟ್ಟು ತೂಕಕ್ಕಿಂತ ಹೆಚ್ಚಾಗಬಾರದು. ಕೇಳಲು ಚಿಲ್ಲರೆ ವಿಷಯ, ಆದರೆ ಕಂಪ್ಯೂಟರ್ ತಡೆಯುವುದು ಇಂಥದ್ದನ್ನೇ. ಎಚ್‌ಎಸ್ ಕೋಡ್, ಅಂದರೆ ಸರಕು ಯಾವ ಬಗೆಯದ್ದು ಎಂದು ಹೇಳುವ ಕಸ್ಟಮ್ಸ್ ಸಂಖ್ಯೆ, ಕೇಳಿದರೆ ಅಗರಬತ್ತಿಗೆ 3307.41, ಆಟಿಕೆಗೆ 9503, ಮುದ್ರಿತ ಪುಸ್ತಕಕ್ಕೆ 4901 ಎಂದು ಶುರುವಾಗುತ್ತದೆ.

ಅಮೆರಿಕಕ್ಕೆ ಸೇವೆ ಮರಳಿ ಶುರುವಾದಾಗ ಸುಂಕವನ್ನು ಇಲ್ಲೇ, ಬುಕಿಂಗ್ ಹೊತ್ತಿಗೇ ಕಟ್ಟಿಸಿಕೊಳ್ಳುವ ಪದ್ಧತಿ ಬಂತು. 2025ರ ಅಕ್ಟೋಬರಿನಲ್ಲಿ ದರ ಘೋಷಿತ ಬೆಲೆಯ ಶೇ. 50 ಇತ್ತು. 4,000 ರೂಪಾಯಿ ಎಂದು ಬರೆದ ಪಾರ್ಸೆಲ್ಲಿಗೆ ಆಗ 2,000 ರೂಪಾಯಿ ಸುಂಕ, ಅಂಚೆ ವೆಚ್ಚ ಬೇರೆ. ಈ ದರ ರಾಜಕೀಯದ ಜೊತೆ ಏರಿಳಿಯುವಂಥದ್ದು; ಬುಕ್ ಮಾಡುವ ದಿನ ಕೌಂಟರಿನಲ್ಲಿ ಹೇಳುವುದೇ ಅಂತಿಮ. 100 ಡಾಲರ್ ಮೀರದ ನಿಜವಾದ ಉಡುಗೊರೆಗೆ ಅಮೆರಿಕದ ಆದೇಶ ವಿನಾಯಿತಿ ಉಳಿಸಿತ್ತು, ಆದರೆ ಒಬ್ಬರಿಗೆ ಒಂದು ದಿನಕ್ಕೆ 100 ಡಾಲರ್ ಅಷ್ಟೇ. ಒಂದೇ ದಿನ ಮೂರು ಪೆಟ್ಟಿಗೆ ತಲುಪಿದರೆ ಒಟ್ಟು ಲೆಕ್ಕ ಹಿಡಿಯುತ್ತಾರೆ.

ಸುಂಕ ಉಳಿಸಲೆಂದು ಬೆಲೆ ಕಡಿಮೆ ಬರೆಯುವವರಿಗೆ ಒಂದು ಮಾತು: ಕಳೆದುಹೋದರೆ ಪರಿಹಾರದ ಲೆಕ್ಕವೂ ಆ ಕಡಿಮೆ ಬೆಲೆಯ ಮೇಲೇ.

ನಮೂನೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಚೌಕವೊಂದಿದೆ: ಬಟವಾಡೆ ಆಗದಿದ್ದರೆ ಏನು ಮಾಡಬೇಕು ಎಂಬುದು. ವಾಪಸ್ ಕಳಿಸಿ, ಬೇರೆ ವಿಳಾಸಕ್ಕೆ ಕಳಿಸಿ, ಅಥವಾ ಬಿಟ್ಟುಬಿಟ್ಟಿದ್ದೇನೆ ಎಂದು ಗುರುತು ಹಾಕಬಹುದು. ಪಾರ್ಸೆಲ್ ವಾಪಸಾದರೆ ಅದರ ಖರ್ಚು ಕಳಿಸಿದವರ ತಲೆಗೆ. ತಿಂಡಿಗೆ "ಬಿಟ್ಟುಬಿಟ್ಟಿದ್ದೇನೆ", ರೇಷ್ಮೆ ಸೀರೆಗೆ "ವಾಪಸ್" ಎನ್ನುವುದು ಲೆಕ್ಕಕ್ಕೆ ಸರಿ.

ಐದನೇ ಹೆಜ್ಜೆ: ಅರವತ್ತು ದಿನಕ್ಕೆ ಕಟ್ಟಿ

ಹತ್ತು ದಿನದಲ್ಲಿ ಮುಟ್ಟುತ್ತದೆ ಎಂದು ಕಟ್ಟಿದ ಪಾರ್ಸೆಲ್ ಅಡಚಣೆಯ ಕಾಲದಲ್ಲಿ ಬಾಳುವುದಿಲ್ಲ. ಐದು ಪದರದ ರಟ್ಟಿನ ಪೆಟ್ಟಿಗೆ, ಎಲ್ಲ ಬದಿಗೂ 5 ಸೆಂ.ಮೀ. ಮೆತ್ತೆ, ಎರಡಿಂಚಿನ ಟೇಪನ್ನು ನಡುಗೀಟಿಗೂ ಎರಡು ಅಂಚುಗಳಿಗೂ. ಸೊಂಟದ ಎತ್ತರದಿಂದ ಒಂದು ಮೂಲೆ ಕೆಳಗಾಗುವಂತೆ ಬೀಳಿಸಿ ನೋಡಿ; ಒಳಗೆ ಗಡಗಡ ಸದ್ದಾದರೆ ಮತ್ತೆ ತುಂಬಿ. ಆದರೆ ಕೊನೆಯ ಟೇಪು ಮನೆಯಲ್ಲಿ ಸುತ್ತಬೇಡಿ. ಕೌಂಟರಿನಲ್ಲಿ ತೆರೆದು ತೋರಿಸಲು ಹೇಳಬಹುದು. ಟೇಪು, ಕತ್ತರಿ ಚೀಲದಲ್ಲಿರಲಿ. ಎರಡೂ ವಿಳಾಸ, ಫೋನ್ ನಂಬರ್ ಬರೆದ ಚೀಟಿಯೊಂದು ಪೆಟ್ಟಿಗೆಯೊಳಗೂ ಇರಲಿ. ಮೇಲಿನ ಲೇಬಲ್ ಕಿತ್ತುಹೋದಾಗ ಗುರುತು ಹಿಡಿಯಲು ಅದೊಂದೇ ದಾರಿ.

ಉಪ್ಪಿನಕಾಯಿಗೆ ಗಾಜು ಬೇಡ. ದಪ್ಪ ಪ್ಲಾಸ್ಟಿಕ್ ಡಬ್ಬಿಯ ಕುತ್ತಿಗೆಯವರೆಗೆ ತುಂಬದೆ ಒಂದಿಂಚು ಖಾಲಿ ಬಿಡಿ. ವಿಮಾನದೊಳಗೆ ಒತ್ತಡ ಇಳಿದಾಗ ಗಾಳಿ ಹಿಗ್ಗುತ್ತದೆ, ಎಣ್ಣೆ ಮುಚ್ಚಳದ ಸಂದಿಯಿಂದ ಹೊರಬರುತ್ತದೆ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ, ಡಬ್ಬಿಗೆ ಒಂದರೊಳಗೊಂದು ಎರಡು ಜಿಪ್ ಕವರು, ನಡುವೆ ಎಣ್ಣೆ ಹೀರಲು ಹಳೆ ಪತ್ರಿಕೆ. ಒಂದು ಡಬ್ಬಿ ಸೋರಿದರೆ ಪಕ್ಕದ ಹತ್ತು ಪಾರ್ಸೆಲ್ ಹಾಳಾಗುತ್ತವೆ, ನಿಮ್ಮದನ್ನು ಪಕ್ಕಕ್ಕೆ ಎತ್ತಿಡುತ್ತಾರೆ.

ಕೆಲವು ವಸ್ತು ನಮಗೆ ಅಡುಗೆಮನೆಯ ಸಾಮಾನು, ಬೇರೆಯವರ ಪಟ್ಟಿಯಲ್ಲಿ ಅಪಾಯ. ಕೊಬ್ಬರಿಯಲ್ಲಿ ಎಣ್ಣೆ ಅಂಶ ಹೆಚ್ಚು; ತಾನಾಗಿ ಕಾವೇರಬಲ್ಲ ಸರಕು ಎಂದು ವಿಮಾನ ಸಾಗಣೆಯ ನಿಯಮ ಅದನ್ನು ಗುರುತಿಸಿದೆ. ಗಸಗಸೆ ಯುಎಇ, ಸಿಂಗಪುರಗಳಲ್ಲಿ ನಿಷಿದ್ಧ, ಪಾಯಸಕ್ಕೆ ಎಂದರೂ ಕೇಳುವುದಿಲ್ಲ. ಹಸಿ ಕರಿಬೇವು ಅಮೆರಿಕಕ್ಕೆ ಸಲ್ಲದು: ಅದರೊಡನೆ ಹೋಗುವ ಕೀಟ ನಿಂಬೆ-ಕಿತ್ತಳೆ ಗಿಡಗಳಿಗೆ ರೋಗ ಹರಡುತ್ತದೆ. ಪವರ್ ಬ್ಯಾಂಕ್, ಸೆಂಟು ಬೇಡ. ಮನೆಯಲ್ಲೇ ಮಾಡಿ ಆಪ್ತರಿಗೆ ಉಡುಗೊರೆಯಾಗಿ ಕಳಿಸುವ ತಿಂಡಿಗೆ ಅಮೆರಿಕದ ಆಹಾರ ಇಲಾಖೆಯ ಪೂರ್ವಸೂಚನೆ ಬೇಕಿಲ್ಲ; ಹಾಗಾಗಿ "ಮನೆಯಲ್ಲಿ ಮಾಡಿದ್ದು" ಎಂಬ ಪದ ನಮೂನೆಯಲ್ಲಿರುವುದು ಮುಖ್ಯ.

ಕಾಗದಪತ್ರಗಳಿಗೆ ಗಡುವು ಇದ್ದರೆ

ಊರಿನ ಸೈಟು ಮಾರಲು ಮಗ ವಿದೇಶದಿಂದ ಜಿಪಿಎ (ತನ್ನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಕಳಿಸಬೇಕಿದೆ ಎನ್ನಿ. ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಮೂಲ ಪ್ರತಿಯೇ ಬೇಕು, ಸ್ಕ್ಯಾನ್ ನಡೆಯದು. ಕರ್ನಾಟಕ ಸ್ಟಾಂಪು ಕಾಯ್ದೆಯ 18ನೇ ಕಲಮಿನಂತೆ, ದೇಶದ ಹೊರಗೆ ಬರೆದ ಪತ್ರಕ್ಕೆ ಅದು ರಾಜ್ಯಕ್ಕೆ ಮೊದಲು ಬಂದ ದಿನದಿಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಬೇಕು. ಎಣಿಕೆ ಸಹಿಯ ದಿನದಿಂದಲ್ಲ, ಬಂದ ದಿನದಿಂದ. ದಾರಿಯಲ್ಲಿ ಎರಡು ತಿಂಗಳು ನಿಂತಿದ್ದರೂ ಗಾಬರಿ ಬೇಡ, ಆದರೆ ಬಂದ ದಿನವನ್ನು ತೋರಿಸಬೇಕು. ಹಾಗಾಗಿ ಆ ಲಕೋಟೆಯನ್ನು ಬಿಸಾಡಬೇಡಿ; ಮೇಲಿನ ಮೊಹರು, ಬಟವಾಡೆ ದಿನದ ಟ್ರ್ಯಾಕಿಂಗ್ ಪುಟದ ಪ್ರಿಂಟು ಎರಡನ್ನೂ ಜಿಪಿಎ ಜೊತೆಯೇ ಇಡಿ.

ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್‌ಗಳ ವಿಷಯದಲ್ಲಿ ಮೊದಲು ಆ ಕಡೆಯ ವಿಶ್ವವಿದ್ಯಾಲಯವನ್ನು ಕೇಳಿ. ನಮ್ಮ ವಿಶ್ವವಿದ್ಯಾಲಯ ನೇರವಾಗಿ ಇಮೇಲ್‌ನಲ್ಲಿ ಕಳಿಸಿದ್ದನ್ನು ಒಪ್ಪುವುದಾದರೆ ಅಂಚೆಯ ಗೊಡವೆಯೇ ಬೇಡ.

ಸಣ್ಣ ಮಾರಾಟಗಾರರು

ನೀವು ಅಂಚೆಯ ಮೂಲಕ ರಫ್ತು ಮಾಡುವವರಾದರೆ ಅಂಚೆ ಇಲಾಖೆಯ ರಫ್ತು ಕೇಂದ್ರವಾದ ಡಾಕ್ ಘರ್ ನಿರ್ಯಾತ್ ಕೇಂದ್ರದಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಆನ್‌ಲೈನ್ ಸಲ್ಲಿಸಿಯೇ ಕಳಿಸಿ. ಪಾರ್ಸೆಲ್ ಹಿಂದಿರುಗಿದಾಗ ಅದು ನಿಮ್ಮದೇ ಸರಕು, ಆಮದಲ್ಲ ಎಂದು ಕಸ್ಟಮ್ಸ್‌ಗೆ ತೋರಿಸಲು ಆ ಪ್ರತಿಯೇ ದಾಖಲೆ. ಅಡಚಣೆಯ ಸುದ್ದಿ ಬಂದ ದಿನವೇ ಆ ದೇಶದ ಆರ್ಡರ್ ನಿಲ್ಲಿಸಿ, ಬಾಕಿ ಇರುವ ಗ್ರಾಹಕರಿಗೆ ಕಾಯುವಿರೋ, ಹಣ ವಾಪಸ್ ಬೇಕೋ ಎಂದು ಬರೆದು ಕೇಳಿ. ಸೇವೆ ಮರಳಿದ ಮೊದಲ ವಾರ ಎಲ್ಲವನ್ನೂ ಒಮ್ಮೆಗೇ ತಳ್ಳಬೇಡಿ. ರಾಶಿಬಿದ್ದ ಹಳೆ ಚೀಲಗಳು ಮುಂದೆ ಇರುತ್ತವೆ. ಒಂದೆರಡು ಪಾರ್ಸೆಲ್ ಕಳಿಸಿ, ಅವು ಆ ಕಡೆಯ ಕಸ್ಟಮ್ಸ್ ದಾಟಿದ್ದು ಕಂಡ ಮೇಲೆ ಉಳಿದವನ್ನು ಕಳಿಸಿ.

ಬರುವ ಪಾರ್ಸೆಲ್, ಬರುವ ಫೋನು

ಹೊರದೇಶದಿಂದ ಉಡುಗೊರೆ ತರಿಸುವವರು ಒಂದನ್ನು ನೆನಪಿಡಬೇಕು. 2019ರ ಡಿಸೆಂಬರ್‌ನಿಂದ ಅಂಚೆ, ಕೊರಿಯರ್ ಮೂಲಕ ಸುಂಕವಿಲ್ಲದೆ "ಗಿಫ್ಟ್" ಎಂದು ಭಾರತಕ್ಕೆ ತರಿಸುವಂತಿಲ್ಲ. ವಿನಾಯಿತಿ ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ ಮಾತ್ರ. ಉಳಿದದ್ದಕ್ಕೆ ಸುಂಕ ಕಟ್ಟಬೇಕು.

ಪಾರ್ಸೆಲ್ ನಿಂತಿದೆ ಎಂಬ ಸುದ್ದಿ ಹಬ್ಬಿದಾಗ ಮೋಸಗಾರರಿಗೂ ಸುಗ್ಗಿ. "ವಿಳಾಸ ಅಪೂರ್ಣ, ಸಣ್ಣ ಶುಲ್ಕ ಕಟ್ಟಿ" ಎಂಬ ಎಸ್‌ಎಂಎಸ್‌ನ ಲಿಂಕ್ ಒತ್ತಬೇಡಿ. ಟ್ರ್ಯಾಕಿಂಗ್ ನಂಬರನ್ನು ನೀವೇ ಅಧಿಕೃತ ಜಾಲತಾಣದಲ್ಲಿ ಟೈಪ್ ಮಾಡಿ ನೋಡಿ. ಕೊರಿಯರ್‌ನವರು ಕೆವೈಸಿ ಕೇಳುವುದು ನಿಜವಾದ ಪದ್ಧತಿಯೇ, ಆದರೆ ಆಧಾರ್ ಪ್ರತಿಯನ್ನು ಅಪರಿಚಿತ ವಾಟ್ಸಾಪ್ ನಂಬರಿಗೆ ಕಳಿಸಬೇಡಿ. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ವಿಡಿಯೊ ಕಾಲ್ ಬಿಟ್ಟು ಕದಲಬೇಡಿ" ಎಂದರೆ ಫೋನಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ.

ಕೊನೆಗೂ ಬಾರದಿದ್ದರೆ

ಅಂಚೆ ಒಕ್ಕೂಟದ ನಿಯಮದಂತೆ ಪಾರ್ಸೆಲ್ ಮತ್ತು ರಿಜಿಸ್ಟರ್ಡ್ ಬಗ್ಗೆ ವಿಚಾರಣೆ ಕೇಳಲು ಅಂಚೆಗೆ ಹಾಕಿದ ಮರುದಿನದಿಂದ ಆರು ತಿಂಗಳು ಸಮಯ. ಇಎಂಎಸ್‌ಗೆ ಅದಕ್ಕಿಂತ ಕಡಿಮೆ. ಮೂರು ತಿಂಗಳು ದಾಟಿಸಬೇಡಿ. "ಮುಷ್ಕರ ಮುಗಿಯಲಿ, ನೋಡೋಣ" ಎಂದು ಕೂತು ಈ ಗಡುವು ತಪ್ಪಿಸಿಕೊಳ್ಳುವವರೇ ಹೆಚ್ಚು. ಅಡಚಣೆ ಇದ್ದರೂ ಅರ್ಜಿ ಹಾಕಿಡಬಹುದು.

ಬುಕ್ ಮಾಡಿದ ಕಚೇರಿಯಲ್ಲಿ ಅಥವಾ ಇಲಾಖೆಯ ಜಾಲತಾಣದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಸಹಾಯವಾಣಿ 1800 266 6868. ಒಳಗಿನ ವಸ್ತುಗಳ ಪಟ್ಟಿ, ಬೆಲೆಯ ಬಿಲ್ಲು, ಪೆಟ್ಟಿಗೆಯ ಫೋಟೊ, ಪಡೆಯುವವರಿಂದ "ನನಗೆ ಬಂದಿಲ್ಲ" ಎಂಬ ಸಹಿ ಮಾಡಿದ ಪತ್ರ ಜೊತೆಗಿರಲಿ. ಉತ್ತರ ಬಾರದಿದ್ದರೆ ಕೇಂದ್ರದ ಸಾರ್ವಜನಿಕ ದೂರು ಪೋರ್ಟಲ್‌ನಲ್ಲಿ ಅದೇ ಸಂಖ್ಯೆ ಹಾಕಿ ಬರೆಯಿರಿ.

ಪರಿಹಾರದ ಮೊತ್ತದ ಬಗ್ಗೆ ದೊಡ್ಡ ಆಸೆ ಬೇಡ. ಕಳೆದ ರಿಜಿಸ್ಟರ್ಡ್‌ಗೆ ಒಕ್ಕೂಟದ ಮಿತಿ 30 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ). ಪಾರ್ಸೆಲ್ಲಿಗೆ 40 ಎಸ್‌ಡಿಆರ್ ಮತ್ತು ಪ್ರತಿ ಕೆಜಿಗೆ 4.50. 3 ಕೆಜಿ ಪಾರ್ಸೆಲ್ಲಿಗೆ 53.5 ಎಸ್‌ಡಿಆರ್, ಅಂದರೆ 70 ಡಾಲರಿನ ಆಸುಪಾಸು, ಅದೂ ವಸ್ತುವಿನ ಬೆಲೆ ಅಷ್ಟಿದ್ದರೆ. ಯುದ್ಧ, ಪ್ರಕೃತಿ ವಿಕೋಪದಿಂದ ಕಳೆದರೆ, ಕಸ್ಟಮ್ಸ್ ಮುಟ್ಟುಗೋಲು ಹಾಕಿದರೆ, ಒಳಗೆ ನಿಷಿದ್ಧ ವಸ್ತುವಿದ್ದರೆ ಅದೂ ಇಲ್ಲ. ತಡವಾಗಿದ್ದಕ್ಕೆ ತಿಂಡಿ ಕೆಟ್ಟರೆ ಯಾರೂ ಕೊಡುವುದಿಲ್ಲ. 2023ರ ಅಂಚೆ ಕಚೇರಿ ಕಾಯ್ದೆಯೂ ನಿಯಮದಲ್ಲಿ ಹೇಳಿದ್ದರ ಹೊರತು ಇಲಾಖೆಗೆ ಹೊಣೆಯಿಲ್ಲ ಎನ್ನುತ್ತದೆ. ಹಣ ಸಾಮಾನ್ಯವಾಗಿ ಸೇರುವುದು ಕಳಿಸಿದವರಿಗೆ, ಹಾಗಾಗಿ ಅರ್ಜಿಯನ್ನು ಇಲ್ಲಿಂದಲೇ ಹಾಕಿ. ಅದಕ್ಕೂ ಆ ಥರ್ಮಲ್ ರಸೀದಿಯ ಫೋಟೊ ಬೇಕು.